ಹಿಮ ಬೀಳುವ ಊರಿನಲ್ಲಿ ಕಸದ ಡಬ್ಬಿಯ ಆರೈಕೆ

ಮಗಳನ್ನೋ ಸೊಸೆಯನ್ನೋ ಹೊರದೇಶಕ್ಕೆ ಕಳಿಸಿಕೊಡುವಾಗ ನಮ್ಮ ತಾಯಂದಿರು ಏನೆಲ್ಲ ಕಟ್ಟಿಕೊಡುತ್ತಾರೆ ನೋಡಿ. ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿ, ಹಪ್ಪಳ, ಸಂಡಿಗೆ, ಉಪ್ಪಿನಕಾಯಿ. ಅದರ ಜೊತೆಗೆ ಒಂದು ಗಂಟು ಬುದ್ಧಿಮಾತು ಬೇರೆ. ಸ್ವೆಟರ್ ಹಾಕಿಕೋ, ಕಿವಿಗೆ ಹತ್ತಿ ಇಟ್ಟುಕೋ, ಒದ್ದೆ ತಲೆಯಲ್ಲಿ ಆಚೆ ಹೋಗಬೇಡ ಅಂತ. ಆದರೆ ‘ಅಲ್ಲಿ ಮನೆ ಕಸ ಏನು ಮಾಡ್ತೀಯೇ?’ ಎಂದು ಕೇಳಿದ ತಾಯಿಯನ್ನು ನಾನಂತೂ ಕಂಡಿಲ್ಲ. ಕಸ ಎಲ್ಲಿದ್ದರೂ ಕಸವೇ ತಾನೆ, ಅದರಲ್ಲಿ ಕೇಳುವುದೇನಿದೆ ಅನ್ನಿಸುವುದು ಸಹಜ.

ಆದರೆ ಸೋದರಿಯರೆ, ಹಿಮ ಬೀಳುವ ಊರುಗಳಲ್ಲಿ ಅದೇ ಒಂದು ದೊಡ್ಡ ಕೆಲಸ. ಚಳಿಗಾಲದಲ್ಲಿ ಅಂಗಳದ ಕಸದ ಡಬ್ಬಿಯ ಮುಚ್ಚಳ ತೆಗೆಯಲು ಬರುವುದಿಲ್ಲ. ಚಕ್ರ ನೆಲಕ್ಕೆ ಕಚ್ಚಿಕೊಳ್ಳುತ್ತದೆ. ಒಳಗಿನ ಕಸ ಕಲ್ಲಾಗಿ ಕೂತು, ಡಬ್ಬಿ ತಲೆಕೆಳಗು ಮಾಡಿದರೂ ಬೀಳುವುದಿಲ್ಲ. ಹೊಸದಾಗಿ ಹೋದ ಹುಡುಗಿಯರು ಇದರಿಂದ ಕಂಗಾಲಾಗುತ್ತಾರೆ. ಮಗಳ ಬಾಣಂತನಕ್ಕೆಂದು ಹೋದ ತಾಯಂದಿರಿಗೆ ಇದು ಇನ್ನೂ ಹೊಸದು. ನಿಮ್ಮ ಪೈಕಿ ಯಾರಿಗಾದರೂ ಇಂಥ ಊರಿನ ನಂಟಿದ್ದರೆ ಈ ನಾಲ್ಕು ಮಾತು ಉಪಯೋಗಕ್ಕೆ ಬಂದೀತು ಎಂದು ಬರೆಯುತ್ತಿದ್ದೇನೆ.

ನಾವಿರುವುದು ಕೆನಡಾ ದೇಶದ ಆಲ್ಬರ್ಟಾ ಪ್ರಾಂತದ ಕ್ಯಾಲ್ಗರಿ ನಗರದಲ್ಲಿ. ಇದು ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿರುವ ಊರು. ನಮ್ಮ ಬೆಂಗಳೂರಿಗಿಂತ ಸ್ವಲ್ಪ ಎತ್ತರ. ಪಡುವಣ ದಿಕ್ಕಿಗೆ ರಾಕಿ ಪರ್ವತಗಳ ಸಾಲು. ಚಳಿಗಾಲದಲ್ಲಿ ಮೈನಸ್ 20 ಡಿಗ್ರಿ ಎಂದರೆ ಯಾರೂ ಹುಬ್ಬೇರಿಸುವುದಿಲ್ಲ. ಮೈನಸ್ 30 ಆಗುವ ದಿನಗಳೂ ಇರುತ್ತವೆ. ನೀರು ಹೆಪ್ಪುಗಟ್ಟುವುದು ಸೊನ್ನೆ ಡಿಗ್ರಿಯಲ್ಲಿ ಎಂಬುದನ್ನು ನೆನಪಿಟ್ಟುಕೊಂಡರೆ, ಇದು ಎಂಥ ಚಳಿ ಎಂದು ನಿಮಗೇ ಅಂದಾಜಾದೀತು.

ಮೂರು ಬಣ್ಣದ ಡಬ್ಬಿಗಳು

ಇಲ್ಲಿ ಪ್ರತಿ ಮನೆಗೂ ನಗರದವರು ಚಕ್ರವಿರುವ ದೊಡ್ಡ ಪ್ಲಾಸ್ಟಿಕ್ ಡಬ್ಬಿಗಳನ್ನು ಕೊಟ್ಟಿರುತ್ತಾರೆ. ಹಸಿರು ಡಬ್ಬಿ ಅಡಿಗೆಮನೆಯ ಹಸಿ ಕಸಕ್ಕೆ, ಹಿತ್ತಲಿನ ಎಲೆ ಕಸಕ್ಕೆ. ನೀಲಿ ಡಬ್ಬಿ ಕಾಗದ, ರಟ್ಟು, ಬಾಟಲಿಗಳಂಥ ಮರುಬಳಕೆಯ ವಸ್ತುಗಳಿಗೆ. ಎರಡಕ್ಕೂ ಸೇರದ ಉಳಿದ ಕಸಕ್ಕೆ ಕರಿ ಡಬ್ಬಿ. ನಮ್ಮಲ್ಲೂ ಹಸಿ ಕಸಕ್ಕೆ ಹಸಿರು, ಒಣ ಕಸಕ್ಕೆ ನೀಲಿ ಬುಟ್ಟಿ ಬಂದಿರುವುದರಿಂದ ಬಣ್ಣಗಳ ಲೆಕ್ಕ ನಿಮಗೆ ಹೊಸದೇನಲ್ಲ.

ಹೊಸದು ಏನೆಂದರೆ, ಇಲ್ಲಿ ಬುಟ್ಟಿ ಇಸಿದುಕೊಂಡು ಸುರಿದುಕೊಳ್ಳುವ ಮನುಷ್ಯರಿಲ್ಲ. ಲಾರಿಯ ಪಕ್ಕದಿಂದ ಒಂದು ಕಬ್ಬಿಣದ ತೋಳು ಚಾಚಿಕೊಂಡು ಬರುತ್ತದೆ. ಡಬ್ಬಿಯನ್ನು ಹಿಡಿದೆತ್ತಿ, ಮಗುಚಿ, ಒಂದೆರಡು ಸಲ ಕೊಡವಿ, ಕೆಳಗಿಟ್ಟು ಹೋಗುತ್ತದೆ. ಚಾಲಕ ಕೂತಲ್ಲಿಂದ ಇಳಿಯುವುದಿಲ್ಲ. ಅಂದಮೇಲೆ ಕಸ ತಾನಾಗಿ ಬಿದ್ದರೆ ಬಿತ್ತು, ಇಲ್ಲದಿದ್ದರೆ ಇಲ್ಲ. ಕೋಲು ಹಾಕಿ ಕೆದಕುವವರು ಯಾರೂ ಇಲ್ಲ.

ಮತ್ತೆ ಲಾರಿ ಬರುವುದು ಯಾವಾಗ? ಕರಿ ಡಬ್ಬಿಗೆ ಎರಡು ವಾರಕ್ಕೊಮ್ಮೆ. ಹಸಿರು ಡಬ್ಬಿಗೆ ಬೇಸಿಗೆಯಲ್ಲಿ ವಾರಕ್ಕೊಮ್ಮೆಯಾದರೂ ಚಳಿಗಾಲದಲ್ಲಿ ಎರಡು ವಾರಕ್ಕೊಮ್ಮೆಯೇ. ಒಂದು ಸಲ ತಪ್ಪಿದರೆ ನಾಲ್ಕು ವಾರದ ಕಸ ನಿಮ್ಮ ಮನೆಯಲ್ಲೇ. ಹಸುಗೂಸಿರುವ ಮನೆಯಾದರೆ ಕೇಳಲೇಬೇಡಿ. ದಿನಕ್ಕೆ ಹತ್ತು ಡಯಾಪರ್ ಎಂದು ಹಿಡಿದರೂ ಎರಡು ವಾರಕ್ಕೆ 140 ಆಯಿತು. ಅವೆಲ್ಲ ಕರಿ ಡಬ್ಬಿಗೇ ಹೋಗಬೇಕು. ಆ ಡಬ್ಬಿ ಹಿಡಿಸುವುದು 240 ಲೀಟರು. ಅದರ ತಳದ ಅರ್ಧ ಭಾಗ ಗಡ್ಡೆಗಟ್ಟಿ ಕೂತುಬಿಟ್ಟರೆ ಬಾಣಂತಿ ಮನೆಯ ಗತಿ ಏನು, ನೀವೇ ಹೇಳಿ.

ಹೆಪ್ಪುಗಟ್ಟುವುದು ನೀರು

ಇಲ್ಲಿ ಒಂದು ಮಾತು ಚೆನ್ನಾಗಿ ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ಎಷ್ಟೇ ಚಳಿಯಿದ್ದರೂ ಒಣಗಿದ ವಸ್ತು ಡಬ್ಬಿಗೆ ಅಂಟುವುದಿಲ್ಲ. ಅಂಟಿಸುವುದು ನೀರು. ಫ್ರಿಜ್ಜಿನಲ್ಲಿ ಮಂಜುಗಡ್ಡೆಯ ತಟ್ಟೆ ತಳಕ್ಕೆ ಕಚ್ಚಿಕೊಂಡು ಬರದೇ ಹೋಗುವುದನ್ನು ನೀವೂ ನೋಡಿದ್ದೀರಿ. ತಟ್ಟೆಯ ಅಡಿ ಒರಸಿ ಇಟ್ಟರೆ ಸಲೀಸಾಗಿ ಬರುತ್ತದೆ, ಒದ್ದೆಯಿದ್ದರೆ ಮೈಗೆ ಮೈ ಹತ್ತಿಕೊಳ್ಳುತ್ತದೆ. ಅಂಗಳದ ಡಬ್ಬಿಯ ಕಥೆಯೂ ಅಷ್ಟೇ.

ನಮ್ಮ ಅಡಿಗೆಯಾದರೋ ನೀರಿನ ಅಡಿಗೆ. ಮಿಕ್ಕ ಸಾರು, ಹುಳಿ, ಮಜ್ಜಿಗೆ ಅನ್ನ, ಸೋಸಿದ ಚಹಾ ಪುಡಿ, ತೊಳೆದ ಸೊಪ್ಪಿನ ಕಡ್ಡಿ, ಕುಂಬಳಕಾಯಿಯ ತಿರುಳು. ಊರಿನಲ್ಲಾದರೆ ಇವೆಲ್ಲ ಕಲಗಚ್ಚಿನ ಜೊತೆ ದನದ ಮರಿಗೆಗೆ ಹೋಗುತ್ತಿದ್ದವು. ಇಲ್ಲಿ ಅದನ್ನೇ ಹಾಗೇ ಹಸಿರು ಡಬ್ಬಿಗೆ ಸುರಿದರೆ ರಾತ್ರಿ ಕಳೆಯುವುದರೊಳಗೆ ಡಬ್ಬಿಯ ತಳಕ್ಕೆ ಒಂದು ಕಲ್ಲು ಚಪ್ಪಡಿ ಹಾಸಿದ ಹಾಗಾಗುತ್ತದೆ. ಪಕ್ಕದ ಮನೆಯವರ ಒಣ ರೊಟ್ಟಿ ಚೂರು, ಕಾಫಿ ಕಾಗದ ಉದುರಿ ಹೋಗುವಾಗ ನಮ್ಮ ಮನೆಯ ಡಬ್ಬಿ ಮಾತ್ರ ತುಂಬಿದ್ದು ತುಂಬಿದ ಹಾಗೇ ವಾಪಸು ಬರುತ್ತದೆ.

ಕ್ಯಾಲ್ಗರಿಯಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರಿಕೊಂಡಿದೆ. ನಡುಚಳಿಗಾಲದಲ್ಲೇ ಪರ್ವತಗಳ ಕಡೆಯಿಂದ ‘ಚಿನೂಕ್’ ಎಂಬ ಬಿಸಿ ಒಣಗಾಳಿ ಬೀಸುತ್ತದೆ. ಕೆಲವೇ ಗಂಟೆಗಳಲ್ಲಿ ಹದಿನೈದು ಇಪ್ಪತ್ತು ಡಿಗ್ರಿ ಏರಿ, ಬಿದ್ದ ಹಿಮವೆಲ್ಲ ನೀರಾಗಿ ಹರಿಯುತ್ತದೆ. ಜನ ಖುಷಿಯಿಂದ ಕೋಟು ಬಿಚ್ಚಿ ಓಡಾಡುತ್ತಾರೆ. ಗಾಳಿ ನಿಂತ ರಾತ್ರಿ ಅದೇ ನೀರು ಮುಚ್ಚಳದ ಸಂದಿನಲ್ಲಿ, ಚಕ್ರದ ಅಡಿಯಲ್ಲಿ ಗಡ್ಡೆಗಟ್ಟಿ ಕೂರುತ್ತದೆ. ಡಬ್ಬಿ ಕಚ್ಚಿಕೊಳ್ಳುವುದು ಹೆಚ್ಚಾಗಿ ಇಂಥ ರಾತ್ರಿಗಳಲ್ಲೇ. ಒಂದೇ ಸಮನೆ ಚಳಿ ಹಿಡಿದಿರುವಾಗ ಇಷ್ಟು ತೊಂದರೆಯಿಲ್ಲ.

ಅಡಿಗೆಮನೆಯಲ್ಲೇ ಮುಕ್ಕಾಲು ಕೆಲಸ

ಆದ್ದರಿಂದ ಡಬ್ಬಿಯ ಆರೈಕೆ ಅಂಗಳದಲ್ಲಿ ಶುರುವಾಗುವುದಿಲ್ಲ, ಒಲೆಯ ಪಕ್ಕದಲ್ಲಿ ಶುರುವಾಗುತ್ತದೆ.

ಮಿಕ್ಕದ್ದನ್ನೆಲ್ಲ ಮೊದಲು ಒಂದು ತೂತಿನ ತಟ್ಟೆಯಲ್ಲೋ ಜಾಲರಿಯಲ್ಲೋ ಬಸಿಯಲು ಬಿಡಿ. ಹತ್ತು ನಿಮಿಷ ಸಾಕು. ತಿಳಿ ನೀರು ಸಿಂಕಿಗೆ ಹೋಗಲಿ, ಗಟ್ಟಿ ಭಾಗ ಮಾತ್ರ ಉಳಿಯಲಿ. ಒಗ್ಗರಣೆ ಎಣ್ಣೆ, ತುಪ್ಪದ ಜಿಡ್ಡನ್ನು ಸಿಂಕಿಗೆ ಬಿಡಬೇಡಿ. ಅದು ಕೊಳವೆಯಲ್ಲಿ ಹೆಪ್ಪಾಗಿ ಬೇರೆ ರಾಮಾಯಣವಾಗುತ್ತದೆ. ಬಾಣಲೆಯ ಜಿಡ್ಡನ್ನು ಕಾಗದದ ಟವಲಿನಿಂದ ಒರಸಿ, ಆ ಕಾಗದವನ್ನೇ ಹಸಿರು ಡಬ್ಬಿಗೆ ಹಾಕಬಹುದು.

ಬಿಸಿಯಾಗಿದ್ದದ್ದನ್ನು ಎಂದೂ ಡಬ್ಬಿಗೆ ಹಾಕಬೇಡಿ. ಅನ್ನದ ಪಾತ್ರೆಗೆ ಮುಚ್ಚಿದ ತಟ್ಟೆ ಹೇಗೆ ಬೆವರುತ್ತದೋ ಹಾಗೇ ಡಬ್ಬಿಯ ಮುಚ್ಚಳವೂ ಬೆವರುತ್ತದೆ. ಆ ಬೆವರೇ ಅಂಚಿಗಿಳಿದು ಮುಚ್ಚಳವನ್ನು ಬೆಸುಗೆ ಹಾಕಿದ ಹಾಗೆ ಮುಚ್ಚಿಬಿಡುತ್ತದೆ. ಪೂರ್ತಿ ಆರಿದ ಮೇಲೆ ಹಾಕಿ.

ಇನ್ನು ಪೊಟ್ಟಣ. ಶೆಟ್ಟರ ಅಂಗಡಿಯಲ್ಲಿ ಕಾಗದದಲ್ಲಿ ಬೇಳೆ ಕಟ್ಟಿಕೊಡುತ್ತಿದ್ದದ್ದು ನಮ್ಮ ವಯಸ್ಸಿನವರಿಗೆ ಮರೆತಿಲ್ಲ. ಅದೇ ವಿದ್ಯೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಹಳೆಯ ವೃತ್ತಪತ್ರಿಕೆಯ ಎರಡು ಮೂರು ಹಾಳೆ ಹಾಸಿ, ಬಸಿದ ಕಸ ನಡುವೆ ಇಟ್ಟು, ಮಡಿಸಿ ಪೊಟ್ಟಣ ಕಟ್ಟಿ. ಉಳಿದ ಹಸಿಯನ್ನು ಕಾಗದ ಹೀರಿಕೊಳ್ಳುತ್ತದೆ. ಒಂದು ಪೊಟ್ಟಣ ಹೆಪ್ಪುಗಟ್ಟಿದರೂ ಅದು ಕಲ್ಲಿನಂಥ ಒಂದು ಉಂಡೆಯಾಗುತ್ತದೆಯೇ ಹೊರತು ಡಬ್ಬಿಯ ಮೈಗೆ ಹತ್ತುವುದಿಲ್ಲ, ಉರುಳಿ ಬೀಳುತ್ತದೆ. ಕೊಳೆತು ಗೊಬ್ಬರವಾಗುವಂಥ ಚೀಲಗಳೂ ಅಂಗಡಿಯಲ್ಲಿ ಸಿಗುತ್ತವೆ. ಸಾಮಾನ್ಯ ಪ್ಲಾಸ್ಟಿಕ್ ಚೀಲ ಮಾತ್ರ ಹಸಿರು ಡಬ್ಬಿಗೆ ಹಾಕುವಂತಿಲ್ಲ.

ಡಯಾಪರುಗಳನ್ನು ಬಿಗಿಯಾಗಿ ಸುತ್ತಿ, ನಾಲ್ಕೈದನ್ನು ಒಂದೊಂದು ಸಣ್ಣ ಚೀಲದಲ್ಲಿ ಕಟ್ಟಿ ಕರಿ ಡಬ್ಬಿಗೆ ಹಾಕಿ. ಎಲ್ಲವನ್ನೂ ಒಂದೇ ದೊಡ್ಡ ಮೂಟೆ ಮಾಡಿದರೆ ಅದು ಡಬ್ಬಿಯ ಆಕಾರಕ್ಕೇ ಗಡ್ಡೆಗಟ್ಟಿ ಸಿಕ್ಕಿಕೊಳ್ಳುತ್ತದೆ.

ಡಬ್ಬಿಯ ತಳ, ಬಾಯಿ, ಚಕ್ರ

ಖಾಲಿ ಡಬ್ಬಿಯ ತಳಕ್ಕೆ ಮುದುರಿದ ರಟ್ಟು, ಮೊಟ್ಟೆಯ ಕಾಗದದ ತಟ್ಟೆ, ಇಲ್ಲವೇ ವೃತ್ತಪತ್ರಿಕೆಯ ಉಂಡೆಗಳನ್ನು ಒಂದು ಗೇಣು ಎತ್ತರ ಹಾಕಿ. ಇದು ಇಡ್ಲಿ ತಟ್ಟೆಗೆ ಬಟ್ಟೆ ಹಾಸುವ ಹಾಗೆ. ಮೇಲಿನದು ತಳಕ್ಕೆ ಅಂಟದೆ ಎದ್ದು ಬರುತ್ತದೆ. ಪ್ರತಿ ಸಲ ಖಾಲಿಯಾದಾಗಲೂ ಹೊಸದಾಗಿ ಹಾಸಬೇಕು.

ಕಸವನ್ನು ಒತ್ತಿ ಒತ್ತಿ ತುಂಬಬೇಡಿ. ಉಪ್ಪಿನಕಾಯಿ ಜಾಡಿಗೆ ಒತ್ತಿ ತುಂಬಿದರೆ ಒಳ್ಳೆಯದು. ಕಸದ ಡಬ್ಬಿಗೆ ಅಲ್ಲ. ಸಡಿಲವಾಗಿದ್ದರೆ ಲಾರಿ ಕೊಡವಿದ ಕೂಡಲೇ ಉದುರುತ್ತದೆ.

ಮುಚ್ಚಳದ ಮೇಲೆ ಹಿಮ ಕೂತಿದ್ದರೆ ಮೊದಲು ಪೊರಕೆಯಿಂದ ಗುಡಿಸಿ, ಆಮೇಲೆ ತೆಗೆಯಿರಿ. ಹಾಗೇ ತೆಗೆದರೆ ಹಿಮವೆಲ್ಲ ಒಳಗೆ ಬೀಳುತ್ತದೆ, ಚಿನೂಕ್ ಬಂದ ದಿನ ಅದೇ ನೀರಾಗುತ್ತದೆ. ಡಬ್ಬಿಯ ಅಂಚನ್ನು ಒಣ ಬಟ್ಟೆಯಿಂದ ಒರಸಿ, ತಿಂಗಳಿಗೊಂದೆರಡು ಸಲ ತೆಳುವಾಗಿ ವ್ಯಾಸಲೀನ್ ಸವರಿದರೆ ಮುಚ್ಚಳ ಬೇಗ ಕಚ್ಚುವುದಿಲ್ಲ. ದೋಸೆಕಲ್ಲಿಗೆ ಎಣ್ಣೆ ಸವರುವಷ್ಟೇ ಸಾಕು, ಮೆತ್ತಬೇಕಾಗಿಲ್ಲ.

ಡಬ್ಬಿ ನಿಲ್ಲಿಸುವ ಜಾಗವನ್ನೂ ನೋಡಿ ಆರಿಸಬೇಕು. ಸೂರಿನ ನೀರು ತೊಟ್ಟಿಕ್ಕುವ ಕಡೆ ಬೇಡ. ಚಕ್ರದ ಅಡಿಗೆ ಒಂದು ಮರದ ಹಲಗೆ ಹಾಕಿದರೆ ನೆಲಕ್ಕೆ ಕಚ್ಚುವುದಿಲ್ಲ. ಕಾರು ನಿಲ್ಲಿಸುವ ಷೆಡ್ಡಿದ್ದರೆ ಅದರೊಳಗೆ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಮೇಲು.

ಕಚ್ಚಿಕೊಂಡರೆ ಏನು ಮಾಡಬೇಕು?

ಎಷ್ಟು ಜೋಪಾನ ಮಾಡಿದರೂ ಒಂದೆರಡು ಸಲ ಕಚ್ಚಿಕೊಳ್ಳುವುದುಂಟು. ಆಗ ಆತುರ ಬೇಡ. ಮುಚ್ಚಳದ ಅಂಚಿನ ಸುತ್ತ ಕೈಮುಷ್ಟಿಯಿಂದಲೋ ರಬ್ಬರ್ ಚಪ್ಪಲಿಯಿಂದಲೋ ತಟ್ಟುತ್ತಾ ಬನ್ನಿ. ಗಡ್ಡೆ ಬಿರುಕು ಬಿಟ್ಟು ಸಡಿಲವಾಗುತ್ತದೆ. ಒಂದು ಮೂಲೆ ಹಿಡಿದು ಜಗ್ಗಬೇಡಿ; ಸುತ್ತಿಗೆ, ಸಲಾಕೆ ಮುಟ್ಟಲೇಬೇಡಿ. ಭಾರೀ ಚಳಿಯಲ್ಲಿ ಪ್ಲಾಸ್ಟಿಕ್ಕು ಪೆಡಸಾಗಿ ಪಟ್ಟನೆ ಸೀಳುತ್ತದೆ. ಒಳಗಿನ ಕಸ ಕಚ್ಚಿದ್ದರೆ ಪೊರಕೆಯ ಹಿಡಿಯಿಂದ ಗೋಡೆಯ ಉದ್ದಕ್ಕೂ ಮೆಲ್ಲಗೆ ಬಿಡಿಸಿ. ಷೆಡ್ಡಿದ್ದವರು ಹಿಂದಿನ ರಾತ್ರಿಯೇ ಒಳಗೆ ತಂದಿಟ್ಟರೆ ಬೆಳಗಾಗುವ ಹೊತ್ತಿಗೆ ಸಡಿಲಾದೀತು.

ಕುದಿಯುವ ನೀರು ಮಾತ್ರ ಖಂಡಿತ ಬೇಡ. ಇದನ್ನು ಬಹಳ ಒತ್ತಿ ಹೇಳುತ್ತಿದ್ದೇನೆ. ನಮ್ಮ ಪರಿಚಯದ ಮನೆಯೊಂದಕ್ಕೆ ಜನವರಿ ತಿಂಗಳಲ್ಲಿ ಮಗಳ ಬಾಣಂತನಕ್ಕೆಂದು ತಾಯಿ ಬಂದಿದ್ದರು. ಗಟ್ಟಿ ಹೆಂಗಸು, ಊರಿನಲ್ಲಿ ನಾಲ್ಕು ಬಾಣಂತನ ಒಬ್ಬರೇ ಮಾಡಿದವರು. ಮುಚ್ಚಳ ಬಾರದಾಗ ಒಂದು ಕೆಟಲು ಕುದಿವ ನೀರು ತಂದು ಸುರಿದರು. ಮುಚ್ಚಳ ಬಂತು, ಕಸ ಹಾಕಿದರು, ಒಳಗೆ ಬಂದರು. ಆ ನೀರು ಡಬ್ಬಿಯ ಮೈಮೇಲೆ ಇಳಿದು ಸಿಮೆಂಟು ನೆಲದ ಮೇಲೆ ಹರಡಿ, ಸ್ವಲ್ಪ ಹೊತ್ತಿನಲ್ಲೇ ಗಾಜಿನ ಹಾಗೆ ಗಟ್ಟಿಯಾಯಿತು. ಡಿಸೆಂಬರ್, ಜನವರಿಯಲ್ಲಿ ಇಲ್ಲಿ ಸಂಜೆ ಐದು ಗಂಟೆಗೆಲ್ಲ ಕತ್ತಲು. ಎರಡನೆಯ ಚೀಲ ಹಿಡಿದು ಬಂದವರಿಗೆ ಅದು ಕಾಣಿಸಲಿಲ್ಲ. ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಮಗುವಿಗೆ ಎರೆಯಲೆಂದು ಬಂದ ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು ಕೂರಬೇಕಾಯಿತು. ಹಸಿ ಬಾಣಂತಿಯೇ ಎದ್ದು ತಾಯಿಗೆ ತಲೆ ಬಾಚಿ ಊಟ ಕಲಸಿ ಕೊಡುವಂತಾಯಿತು.

ಇದರಲ್ಲಿ ಇನ್ನೂ ಒಂದು ವಿಷಯವಿದೆ. ಕೆನಡಾದಲ್ಲಿ ಸರ್ಕಾರದ ಆರೋಗ್ಯ ವಿಮೆ ಅಲ್ಲಿನ ನಿವಾಸಿಗಳಿಗೆ ಉಂಟು, ನೋಡಿಹೋಗಲು ಬಂದ ತಂದೆತಾಯಿಗೆ ಇಲ್ಲ. ಹೊರಡುವ ಮೊದಲೇ ಖಾಸಗಿ ವಿಮೆ ಮಾಡಿಸದಿದ್ದರೆ ಒಂದು ಮೂಳೆ ಮುರಿತದ ಖರ್ಚು ಮಕ್ಕಳ ತಲೆಯ ಮೇಲೆ ಬೀಳುತ್ತದೆ. ಟಿಕೆಟ್ಟು ತೆಗೆಸುವಾಗಲೇ ಇದನ್ನು ವಿಚಾರಿಸಿಕೊಳ್ಳಿ.

ಜಾರುವ ನೆಲಕ್ಕೆ ಹರಳುಪ್ಪು ಎರಚುವ ರೂಢಿಯಿದೆ. ಆದರೆ ಚಳಿ ಮೈನಸ್ 20ರ ಹತ್ತಿರ ಹೋದರೆ ಉಪ್ಪು ಹೆಚ್ಚು ಕೆಲಸ ಮಾಡುವುದಿಲ್ಲ. ಮರಳು ಎಂಥ ಚಳಿಯಲ್ಲೂ ಕಾಲಿಗೆ ಹಿಡಿತ ಕೊಡುತ್ತದೆ. ಬಾಗಿಲ ಪಕ್ಕ ಒಂದು ಡಬ್ಬ ಮರಳು ಸದಾ ಇರಲಿ.

ಆಚೆ ಹೋಗುವಾಗ

‘ಎರಡು ಹೆಜ್ಜೆ ತಾನೆ’ ಎಂದು ಚಪ್ಪಲಿಯಲ್ಲಿ, ಸೀರೆಯ ಮೇಲೆ ಒಂದು ಶಾಲು ಹೊದ್ದು ಹೋಗುವುದು ನಮ್ಮ ಅಭ್ಯಾಸ. ಗಾಳಿಯೂ ಸೇರಿ ಚಳಿ ಮೈನಸ್ 28ಕ್ಕಿಂತ ಕೆಳಗಿಳಿದಂತಿದ್ದರೆ ತೆರೆದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಕಚ್ಚಿದ ಡಬ್ಬಿಯ ಜೊತೆ ಗುದ್ದಾಡುತ್ತಾ ನಿಂತರೆ ಹತ್ತು ನಿಮಿಷ ಕಳೆದದ್ದು ಗೊತ್ತಾಗುವುದಿಲ್ಲ. ಹಿಡಿತವಿರುವ ಬೂಟು, ಕೋಟು, ಟೋಪಿ, ಕೈಗವಸು ಹಾಕಿಕೊಂಡೇ ಹೋಗಿ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಳ್ಳಿ. ಲೋಹದ ಬಳೆಗಳು ಚಳಿಗೆ ಕೊರೆಯುತ್ತವೆ, ಕೈಗವಸು ಅವುಗಳ ಮೇಲೆ ಬರಲಿ. ಒದ್ದೆ ಕೈಯಲ್ಲಿ ಕಬ್ಬಿಣ ಮುಟ್ಟಬೇಡಿ, ಚರ್ಮ ಹತ್ತಿಕೊಳ್ಳುತ್ತದೆ. ನಡೆಯುವಾಗ ಪಾದ ಪೂರ್ತಿ ಊರಿ, ಪುಟ್ಟ ಪುಟ್ಟ ಹೆಜ್ಜೆ ಇಡಿ.

ಕಸದ ಲಾರಿ ಬರುವ ದಿನದ ಕೆಲಸಗಳು
(ಕತ್ತರಿಸಿ ಇಟ್ಟುಕೊಳ್ಳಿ)

1. ಹಿಂದಿನ ಸಂಜೆ, ಬೆಳಕಿರುವಾಗಲೇ, ಮುಚ್ಚಳ ತೆಗೆದು ನೋಡಿ. ಕಚ್ಚಿದ್ದರೆ ಆಗಲೇ ಬಿಡಿಸಿ, ಅಂಚು ಒರಸಿ ಮುಚ್ಚಿ.

2. ಬಾಗಿಲಿನಿಂದ ರಸ್ತೆಯವರೆಗೆ ದಾರಿಯ ಹಿಮ ತೆಗೆದು ಮರಳು ಎರಚಿ. ಮನೆ ಮುಂದಿನ ಕಾಲುದಾರಿಯ ಹಿಮವನ್ನು ಹಿಮ ನಿಂತ 24 ಗಂಟೆಯೊಳಗೆ ತೆಗೆಯಬೇಕೆಂಬ ಕಾನೂನು ಕ್ಯಾಲ್ಗರಿಯಲ್ಲಿ ಹೇಗೂ ಇದೆ.

3. ಬೆಳಿಗ್ಗೆ 7 ಗಂಟೆಯೊಳಗೆ ಡಬ್ಬಿ ಹೊರಗಿರಬೇಕು. ಒಂದೊಂದಾಗಿ ತಳ್ಳಿಕೊಂಡು ಹೋಗಿ, ಎರಡನ್ನೂ ಒಟ್ಟಿಗೆ ಎಳೆಯಬೇಡಿ.

4. ಹಿಮದ ಗುಡ್ಡೆಯ ಮೇಲೆ ನಿಲ್ಲಿಸಬೇಡಿ, ಮಗುಚಿಕೊಳ್ಳುತ್ತದೆ. ಸಮನೆಲದ ಮೇಲೆ, ಮುಚ್ಚಳದ ಬಾಣದ ಗುರುತು ರಸ್ತೆಯ ಕಡೆಗಿರುವಂತೆ ನಿಲ್ಲಿಸಿ. ಡಬ್ಬಿಯಿಂದ ಡಬ್ಬಿಗೆ ಎರಡು ಅಡಿ ಬಿಡಿ. ಇಲ್ಲದಿದ್ದರೆ ಲಾರಿಯ ತೋಳು ಹಿಡಿಯಲಾರದು.

5. ಲಾರಿ ಹೋದ ಮೇಲೆ ಒಳಗೆ ಇಣುಕಿ ನೋಡಿ. ಉಳಿದಿದ್ದರೆ ಬಿಡಿಸಿ, ರಟ್ಟು ಹಾಸಿ, ಹಲಗೆಯ ಮೇಲೆ ನಿಲ್ಲಿಸಿ. ಲಾರಿಯೇ ಬಾರದಿದ್ದರೆ ನಗರದ 311 ನಂಬರಿಗೆ ಫೋನು ಮಾಡಿ ತಿಳಿಸಬಹುದು.

ಬೇರೆ ಊರುಗಳಲ್ಲಿ ಡಬ್ಬಿಯ ಬಣ್ಣ, ವಾರ, ವೇಳೆ ಬೇರೆ ಇದ್ದೀತು. ನೀರನ್ನು ದೂರವಿಡುವ ಉಪಾಯ ಮಾತ್ರ ಎಲ್ಲ ಕಡೆಗೂ ಒಂದೇ.

ಆ ಕಸ ಎಲ್ಲಿಗೆ ಹೋಗುತ್ತದೆ?

ಇಷ್ಟೆಲ್ಲ ಒದ್ದಾಟ ಕಸಕ್ಕಾಗಿಯೇ ಎಂದು ನೀವು ನಗಬಹುದು. ಕ್ಯಾಲ್ಗರಿಯಲ್ಲಿ 2017ರಲ್ಲಿ ಹಸಿ ಕಸದಿಂದ ಗೊಬ್ಬರ ಮಾಡುವ ದೊಡ್ಡ ಕಾರ್ಖಾನೆ ಶುರುವಾಯಿತು. ಎಲ್ಲವೂ ಸೂರಿನಡಿ ನಡೆಯುವುದರಿಂದ ಹೊರಗೆ ಎಷ್ಟೇ ಹಿಮ ಬಿದ್ದರೂ ಒಳಗೆ ಕಸ ಮಾಗುತ್ತಲೇ ಇರುತ್ತದೆ. ಸುಮಾರು ಎರಡು ತಿಂಗಳಲ್ಲಿ ಗೊಬ್ಬರ ಸಿದ್ಧ. ಅದನ್ನು ಊರಿನವರಿಗೆ ಉಚಿತವಾಗಿ ಕೊಡುವ ಏರ್ಪಾಡೂ ನಡೆದುಬಂದಿದೆ. ಹಿಮ ಕರಗಿ ನೆಲ ಕಾಣಿಸಿದ ಮೇಲೆ ಇಲ್ಲಿನ ನಮ್ಮ ಹೆಂಗಸರು ಆ ಗೊಬ್ಬರ ತಂದು ಕುಂಡಗಳಲ್ಲಿ ಮೆಂತ್ಯ, ಕೊತ್ತಂಬರಿ, ದಂಟು ಹಾಕಿಕೊಳ್ಳುತ್ತಾರೆ. ಜನವರಿಯಲ್ಲಿ ಪೊಟ್ಟಣ ಕಟ್ಟಿ ಹಾಕಿದ ಸೊಪ್ಪಿನ ಕಡ್ಡಿ ಜುಲೈಯಲ್ಲಿ ಹೊಸ ಸೊಪ್ಪಾಗಿ ಒಗ್ಗರಣೆಗೆ ಬರುತ್ತದೆ.

ಮುಂದಿನ ಸಲ ಮಗಳು ಫೋನು ಮಾಡಿದಾಗ ಊಟ ಆಯಿತೆ, ಮಗು ಮಲಗಿತೆ ಎಂದು ಕೇಳಿದ ಮೇಲೆ, ‘ಡಬ್ಬಿಯ ಮುಚ್ಚಳ ಬರ್ತಾ ಇದೆಯೇನೇ?’ ಅಂತಲೂ ಒಂದು ಮಾತು ಕೇಳಿ. ಮೊದಲು ನಕ್ಕಾಳು. ಆಮೇಲೆ ‘ಬರ್ತಾ ಇಲ್ಲ ಕಣಮ್ಮ, ಏನು ಮಾಡಲಿ?’ ಅಂದರೂ ಅಂದಾಳು. ಹೇಳಲು ನಿಮ್ಮ ಹತ್ತಿರ ಉತ್ತರ ಇರಲಿ.